ಎಣಿಸಬಾರದ ಕುರಿಗಳ ಪಟ್ಟಿ

ಕಂಪ್ಯೂಟರ್ ಮುಂದೆ ಕೂತವರಿಗೆ ನಗು ಬರುವಂಥದ್ದೇನೂ ನಡೆಯುವುದಿಲ್ಲ ಎಂದು ನಮ್ಮ ಮನೆಯವರು ತಿಳಿದಿದ್ದಾರೆ. ಅವರು ಕುರಿಗಾರರ ಸಂಘದಲ್ಲಿ ಒಂದು ದಿನ ಕೂತು ನೋಡಬೇಕು. ನನ್ನ ಕೆಲಸ ಇಷ್ಟೇ: ಯಾರ ಹತ್ತಿರ ಎಷ್ಟು ಕುರಿ ಇವೆ ಎಂದು ಪಟ್ಟಿ ಮಾಡುವುದು. ಆ ಪಟ್ಟಿ ನೋಡಿ ದನದ ಡಾಕ್ಟರು ಕರುಳುಬೇನೆಯ ಲಸಿಕೆ ತರಿಸುತ್ತಾರೆ. ಕೇಳುವುದಕ್ಕೆ ಸುಲಭ.

ಗುಡಿ ಹಿಂದೆ

ಮೊದಲು ನಮ್ಮದು ಬರೀ ಅಕ್ಷರಗಳ ಫೈಲು. ಒಬ್ಬ ಕುರಿಗಾರನಿಗೆ ಒಂದು ಸಾಲು. ಹೆಸರು, ಊರು, ಕುರಿ, ಫೋನು, ನಡುನಡುವೆ ಒಂದೊಂದು ಅಲ್ಪವಿರಾಮ. ಆ ಚಿಹ್ನೆ ಕಂಡಲ್ಲೆಲ್ಲ ಕಂಪ್ಯೂಟರು ಮುಂದಿನ ಖಾನೆಗೆ ಹಾರುತ್ತದೆ. ಇಟಗಿ ಕಡೆಯ ಅಜ್ಜಿಯೊಬ್ಬಳ ಊರನ್ನು ನಾನು "ಇಟಗಿ, ಗುಡಿ ಹಿಂದೆ" ಎಂದು ಬರೆದೆ. ಮುಗಿಯಿತು! "ಗುಡಿ ಹಿಂದೆ" ಹೋಗಿ ಕುರಿಯ ಖಾನೆಯಲ್ಲಿ ಕೂತಿತು, ಕುರಿ ಹೋಗಿ ಫೋನಿನ ಖಾನೆಯಲ್ಲಿ.

ಡಾಕ್ಟರು ಕರೆದು ಕೇಳಿದರು: "ಏನವಾ, ಕುರಿ ಎಷ್ಟು ಅಂದ್ರ ಗುಡಿ ಹಿಂದ ಅಂತ ಐತಿ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅಷ್ಟೊತ್ತಿಗೆ ಒಟ್ಟು ಮೊತ್ತದಲ್ಲಿ ಅಜ್ಜಿಯ ಪಾಲು ಸೊನ್ನೆಯಾಗಿ, ಉಳಿದವರಿಗಾಗುವಷ್ಟೇ ಲಸಿಕೆ ಬಂದಾಗಿತ್ತು. ಮತ್ತೆ ತರಿಸುವಷ್ಟರಲ್ಲಿ ಅವಳ ಒಂಬತ್ತು ಮರಿ ಸತ್ತವು. ಒಂದು ಅಲ್ಪವಿರಾಮಕ್ಕೆ ಒಂಬತ್ತು ಮರಿ. ಆ ವಾರ ನನಗೆ ಅನ್ನ ಸೇರಲಿಲ್ಲ.

ಊರು ಯಾವುದು

ಅದಾದ ಮೇಲೆ ಕೊಪ್ಪಳದ ಕಂಪ್ಯೂಟರ್ ಮಾಸ್ತರರೊಬ್ಬರನ್ನು ಕರೆಸಿ ಫಾರ್ಮು ಮಾಡಿಸಿದೆವು. ಪ್ರತಿಯೊಂದಕ್ಕೂ ಬೇರೆ ಖಾನೆ. ಕುರಿಯ ಖಾನೆಯಲ್ಲಿ ಅಂಕಿ ಬಿಟ್ಟು ಬೇರೇನೂ ಹತ್ತುವುದಿಲ್ಲ. ಊರನ್ನು ಪಟ್ಟಿಯಿಂದಲೇ ಆರಿಸಬೇಕು. ಒಂದು ಖಾನೆ ಖಾಲಿ ಬಿಟ್ಟರೂ ಸಾಲು ಸೇರುವುದಿಲ್ಲ. ಇನ್ನು ತಪ್ಪಾಗುವುದೇ ಇಲ್ಲ ಎಂದು ನಾನು ಬೀಗಿದೆ.

ಮೊದಲು ಬಂದವನನ್ನು ಕೇಳಿದೆ: "ಊರು ಯಾವುದ್ರಿ?"

"ನಂದೋ, ಕುರೀದೋ?"

"ಎರಡೂ ಒಂದ ಅಲ್ಲೇನ್ರಿ?"

"ಹೆಂಗ ಒಂದ ಆಗತೈತ್ರಿ? ಮನಿ ಕುಷ್ಟಗಿ ಕಡೆ. ಕುರಿ ಗಂಗಾವತ್ಯಾಗ ಅದಾವ, ಭತ್ತ ಕೊಯ್ದ ಗದ್ದ್ಯಾಗ ಗೊಬ್ಬರಕ್ಕಂತ ತರುಬೀವಿ. ಮುಂದಿನ ವಾರ ಆನೆಗೊಂದಿ. ಹೆಂಡ್ತಿ ಯಲಬುರ್ಗಾದಾಗ ತವರಮನಿಗೆ ಹೋಗ್ಯಾಳ. ಎಲ್ಲಾ ಬರಕೋರಿ."

"ಒಂದ ಊರು ತಗೊಂತೈತ್ರಿ ಇದು."

ಅವನು ಬಗ್ಗಿ ಪರದೆಯನ್ನು ನೋಡಿ, ಮರುಕದಿಂದ ಅಂದ: "ಪಾಪ, ಈ ಪೆಟಗಿ ಒಂದು ದಿನಾನೂ ಕುರಿ ಕಾದಿಲ್ಲ ಬಿಡ್ರಿ."

ಮಾತು ನಿಜವೇ. ನಾವು ಕೇಳಬೇಕಾದ್ದು ಲಸಿಕೆ ಎಲ್ಲಿಗೆ ಹೋಗಬೇಕು ಎಂದು, ಕೇಳುತ್ತಿದ್ದದ್ದು ಮನೆ ಎಲ್ಲಿದೆ ಎಂದು. ಅಂದೇ "ಈಗಿನ ಹಟ್ಟಿ" ಎಂಬ ಇನ್ನೊಂದು ಖಾನೆ ಸೇರಿಸಿದೆವು.

ಎರಡೆರಡು ಸಲ

ಅಂಕಿ ತಪ್ಪಬಾರದೆಂದು ಮಾಸ್ತರರು ಕುರಿಯ ಸಂಖ್ಯೆಯನ್ನು ಎರಡು ಸಲ ಕೇಳಿ ಹಾಕುವಂತೆ ಮಾಡಿದ್ದರು. ಎರಡೂ ಹೊಂದಿದರೇ ಮುಂದೆ. ಇನ್ನೊಬ್ಬ ಕುರಿಗಾರನನ್ನು ಕೇಳಿದೆ:

"ಕುರಿ ಎಷ್ಟ್ರಿ?"

"ಅರವತ್ತು."

"ಇನ್ನೊಮ್ಮೆ ಹೇಳ್ರಿ, ಎಷ್ಟು?"

"ಎಪ್ಪತ್ತು."

"ಈಗ ಅರವತ್ತು ಅಂದ್ರೆಲ್ರಿ?"

"ನೀವು ಮತ್ತ ಕೇಳಿದ್ರೆಲ್ಲ, ಕಡಿಮಿ ಆತೇನೋ ಅಂತ ಹತ್ತು ಏರಿಸಿದೆ. ಇನ್ನೊಮ್ಮೆ ಕೇಳಬ್ಯಾಡ್ರಿ, ನನ್ನ ಕಡೆ ಅಷ್ಟು ಕುರಿ ಇಲ್ಲ."

ಹಟ್ಟಿಯಲ್ಲಿ ಯಾರ್ಯಾರು

ಈ ವರ್ಷ ಇಟಗಿ ಕಡೆಯ ಆ ಅಜ್ಜಿ ತಾನೇ ಬಂದಳು. ನನಗೆ ಮುಖ ಎತ್ತಲಾಗಲಿಲ್ಲ. ಅವಳ ಸಾಲು ಒಂದಾದರೂ ಸರಿಯಾಗಿ ಬರಬೇಕು, ಈ ಸಲ ಒಂದು ಮರಿಯೂ ಸಾಯಬಾರದು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಯಮ್ಮಾ, ಕುರಿ ಎಷ್ಟು ಅದಾವು?"

"ಎಣಸಬಾರದು ತಂಗಿ. ಎಣಿಸಿದ್ರ ದೃಷ್ಟಿ ಆಕ್ಕತಿ."

"ಅಂದಾಜು?"

"ಅಂದಾಜು ಮಾಡಿದ್ರೇನು ಕಣ್ಣು ಬೀಳಂಗಿಲ್ಲೇನು?"

ಹೋದ ವರ್ಷ ಅಂದಾಜಿನ ಮೇಲೆ ನಾನೇ ನೂರು ಎಂದು ಬರೆದಿದ್ದೆ. ಈ ಸಲ ಆ ಧೈರ್ಯವಿಲ್ಲ. ಅವಳಿಗೆ ಎಣಿಕೆ ಬೇಡ, ಆದರೆ ಒಂದೊಂದು ಕುರಿಯ ಮುಖವೂ ಗೊತ್ತು. ಅವಳಿಗೆಂದೇ ಬೇರೊಂದು ಖಾಲಿ ಪಟ್ಟಿ ತೆರೆದೆ, ಒಂದು ಕುರಿಗೆ ಒಂದು ಸಾಲು. ಎಡಗಡೆ ಸಾಲಿನ ನಂಬರು ತಾನಾಗಿಯೇ ಏರುತ್ತದೆ. ಎಣಿಸುವ ಪಾಪ ಯಂತ್ರಕ್ಕೆ.

"ಎಣಸೋದು ಬ್ಯಾಡ ಯಮ್ಮಾ. ನಿಮ್ಮ ಹಟ್ಟ್ಯಾಗ ಯಾರ್ಯಾರು ಅದಾರ ಹೇಳು, ಸಾಕು."

ಅವಳ ಮುಖ ಅರಳಿತು. "ಮೋಟ ಕಿವ್ಯಾಕಿ ಅದಾಳ. ಆಕಿ ಮಗಳು ಕರಿ ಮಾರ್ಯಾಕಿ. ಕಳ್ಳಿ ಒಬ್ಬಾಕಿ, ಮಂದಿ ಹೊಲಕ್ಕ ನುಗ್ಗತಾಳ..." ಹೀಗೆ ಮಧ್ಯಾಹ್ನ ಕಳೆಯಿತು. ಕೊನೆಯ ಸಾಲಿನ ನಂಬರು ನೂರಾ ಏಳು. ನೂರಾ ಏಳು ಡೋಸು ಬಂತು.

ಲಸಿಕೆಯ ದಿನ ನಾನೂ ಹಟ್ಟಿಗೆ ಹೋದೆ. ಡಾಕ್ಟರು ಒಂದೊಂದಕ್ಕೆ ಸೂಜಿ ಚುಚ್ಚಿ, ಗುರುತಿಗೆ ಬೆನ್ನ ಮೇಲೆ ಕೆಂಪು ಬಣ್ಣ ಹಚ್ಚಿದರು. ಎಲ್ಲ ಮುಗಿದ ಮೇಲೆ ನೋಡಿದರೆ ಒಂದು ಡೋಸು ಉಳಿದಿದೆ! ಎಲ್ಲೋ ಒಂದು ಕುರಿ ತಪ್ಪಿದೆ.

ಅಜ್ಜಿ ಸುತ್ತ ಕಣ್ಣಾಡಿಸಿ, "ಎಲ್ಲಾರೂ ಅದಾರ" ಎಂದಳು. ನಾನು ಬಿಡಲಿಲ್ಲ. ಪಟ್ಟಿ ತೆಗೆದು ಸಾಲು ಸಾಲಾಗಿ ಓದಿದೆ, ಅವಳು ಒಂದೊಂದನ್ನೇ ತೋರಿಸಿದಳು. ನಲವತ್ತೊಂದನೆಯ ಸಾಲಿಗೆ ಬಂದೆ: "ಬಿಳಿ ಗಡ್ಡದಂವ. ವಯಸ್ಸಾಗೈತಿ. ಎಡಗಾಲು ಎಳಿತಾನ. ಬಿಟ್ಟಲ್ಲೇ ಮಕ್ಕೊಂತಾನ." ಬರೆಯುವಾಗ ಯಾವುದೋ ಮುದಿ ಟಗರು ಎಂದುಕೊಂಡಿದ್ದೆ.

ಅಜ್ಜಿ ಬೇಲಿಯ ಮೂಲೆಗೆ ಕೈ ತೋರಿಸಿದಳು. ಕಂಬಳಿ ಸರಿಸಿ, ಕಣ್ಣುಜ್ಜುತ್ತಾ, ಅವಳ ಗಂಡ ಎದ್ದು ಕೂತ.

"ಯಮ್ಮಾ, ಇವರು ನಿಮ್ಮ ಯಜಮಾನ್ರು!"

"ಮತ್ತ? ಹಟ್ಟ್ಯಾಗ ಯಾರ್ಯಾರು ಅದಾರ ಅಂತ ಕೇಳಿದಿ. ಇಂವ ಎಲ್ಲಿ ಹೋಗ್ಯಾನ, ಇಲ್ಲೇ ಅದಾನ."

ಒಂದು ಕುರಿಯೂ ತಪ್ಪಿರಲಿಲ್ಲ. ನನಗೆ ನಗುವಿನ ಜೊತೆ ಅಳುವೂ ಬಂತು. ಡಾಕ್ಟರು ನಗುತ್ತಾ ಸೂಜಿ ಒಳಗಿಡಲು ಹೋದರು. ಅಷ್ಟರಲ್ಲಿ ಮುದುಕ ಕಾಲೆಳೆಯುತ್ತಾ ಬಂದು, ಹೆಂಡತಿಯ ಮುಖವನ್ನೊಮ್ಮೆ ನೋಡಿ, ಅಂಗಿಯ ತೋಳು ಮಡಚಿ ಕೈ ಮುಂದೆ ಹಿಡಿದ.

"ಪಟ್ಟ್ಯಾಗ ಬರಿಸ್ಯಾಳಂದ್ರ ಬಿಡಾಕಿ ಅಲ್ಲ ಈಕಿ. ಚುಚ್ಚಿಬಿಡ್ರಿ ಸಾಹೇಬ್ರ. ಆದ್ರ ಬೆನ್ನಿಗೆ ಕೆಂಪು ಬಣ್ಣ ಮಾತ್ರ ಹಚ್ಚಬ್ಯಾಡ್ರಿ, ಅಂಗಿ ಹೊಸಾದೈತಿ."