ಇಬ್ರಿ ಮರಳಿನ ಗಾಲಿಮನೆಯವರು

ಎದೆ ಧಸಕ್ಕೆನ್ನಬೇಕಾದರೆ ದೊಡ್ಡ ಕಾರಣವೇ ಬೇಕು ಎಂದು ನಂಬಿದವರು ಒಂದು ಚಳಿಗಾಲ ನನ್ನ ಜೊತೆ ಒಮಾನಿನ ಇಬ್ರಿಯ ಆಚೆ ಮರಳಿನಲ್ಲಿ ಇದ್ದು ನೋಡಬೇಕಿತ್ತು. ಅಲ್ಲಿ ವಾರಕ್ಕೊಂದಾದರೂ ಅಂಥದ್ದು ನಡೆಯುತ್ತಿತ್ತು. ಒಂದನ್ನೂ ನಾನು ಹುಡುಕಿಕೊಂಡು ಹೋದದ್ದಲ್ಲ.

ಇದು ತೊಂಬತ್ತರ ದಶಕದ ಮಾತು. ಅದಕ್ಕೆ ಮೊದಲು ಹತ್ತು ವರ್ಷ ಮತ್ರಾ ಬಂದರಿನ ಗಲ್ಲಿಯೊಂದರಲ್ಲಿ ವ್ಯಾಪಾರಿಗಳ ಮನೆಯ ಅಡಿಗೆ ನೋಡಿಕೊಂಡಿದ್ದೆ. ಶಾಲೆ ನಾಲ್ಕನೇ ಕ್ಲಾಸಿಗೇ ನಿಂತಿತ್ತು. ಸಾಮಾನು ಕಟ್ಟಿ ತಂದ ಪೇಪರು, ಡಬ್ಬಿಯ ಚೀಟಿ, ಮದ್ದಿನ ಜೊತೆ ಬರುವ ಕಾಗದ, ಯಾವುದನ್ನೂ ಬಿಡದೆ ಓದಿ ಇಂಗ್ಲಿಷನ್ನೂ ಒಂದು ಮಟ್ಟಿಗೆ ಹಿಡಿದಿದ್ದೆ. ಆಮೇಲೆ ಇಬ್ರಿ ಕಡೆಯ ಒಬ್ಬ ಒಮಾನಿ ಯಜಮಾನರ ಕ್ಯಾಂಪಿಗೆ ಅಡಿಗೆಯವಳಾಗಿ ಹೋದೆ. ಕ್ಯಾಂಪ್ ಎಂದರೆ ಮರಳಿನ ಅಂಚಿನಲ್ಲಿ ಬೇಲಿ ಹಾಕಿದ ಜಾಗ, ಒಂದು ನೀರಿನ ಟ್ಯಾಂಕು, ಸಾಲು ಬಚ್ಚಲು, ಒಂದು ಅಡಿಗೆ ಶೆಡ್ಡು, ಅಷ್ಟೇ. ನವೆಂಬರ್ ಬಂದರೆ ಯುರೋಪಿನ ಮುದುಕ ಮುದುಕಿಯರು ಅಲ್ಲಿನ ಹಿಮಕ್ಕೆ ಹೆದರಿ ದೊಡ್ಡ ದೊಡ್ಡ ವ್ಯಾನುಗಳಲ್ಲಿ ಬರುತ್ತಿದ್ದರು. ಆ ವ್ಯಾನಿನೊಳಗೇ ಮಂಚ, ಒಲೆ, ಕಪಾಟು. ಊರಲ್ಲಿ ಒಳ್ಳೆಯ ಮನೆ ಇದ್ದವರು ಅದಕ್ಕೆ ಬೀಗ ಹಾಕಿ ವ್ಯಾನಿನಲ್ಲಿ ಸಂಸಾರ ಮಾಡಲು ಮೂರು ತಿಂಗಳು ಬರುತ್ತಾರೆ ಎಂಬುದೇ ನನಗೆ ಮೊದಲ ಆಘಾತ.

ಎರಡನೇ ವರ್ಷ ಮ್ಯಾನೇಜರ್ ಬಿಟ್ಟು ಹೋದ. "ನಾನು ನೋಡಿಕೊಳ್ತೇನೆ" ಎಂದು ಯಜಮಾನರಿಗೆ ಹೇಳಿದೆ. ನನ್ನ ವೀಸಾ ಅವರ ಕೈಯಲ್ಲೇ ಇತ್ತು. ನನ್ನ ಕಫೀಲ್, ಅಂದರೆ ವೀಸಾಕ್ಕೆ ಜವಾಬ್ದಾರರು, ಅವರೇ. ಗಡ್ಡ ನೀವಿಕೊಂಡು ಹಿಂದಿಯಲ್ಲಿ ಹೇಳಿದರು: "ಸಿಸ್ಟರ್, ಒಂದು ಸೀಸನ್ ನೋಡುವ. ಸೀಸನ್ ಮುಗಿಯುವ ಮೊದಲು ಇಲ್ಲಿನ ಗವರ್ನರ್ ವಾಲಿಯ ಆಫೀಸಿನಿಂದ ಸಾಹೇಬರು ನೋಡಲಿಕ್ಕೆ ಬರ್ತಾರೆ. ಅವರು ಒಪ್ಪಿದ್ರೆ ನೀನೇ ಮ್ಯಾನೇಜರ್. ಒಪ್ಪದಿದ್ರೆ ಕ್ಯಾಂಪ್ ಖಲಾಸ್, ನಿನ್ನ ವೀಸಾ ಖಲಾಸ್."

ವಿಷಯ ಕೇಳಿ ಊರಿನಿಂದ ಅಣ್ಣ ಬರೆದ: "ಮರುಭೂಮಿಯಲ್ಲಿ ಹೆಂಗಸು ಎಂತ ಮ್ಯಾನೇಜರ್? ನಿನ್ನ ಕೋಣೆಯಲ್ಲಿ ಅಕ್ಕಿ ಮೂಟೆ ಇಟ್ಟಿದ್ದೇವೆ. ಹೊರಡುವ ಮೊದಲು ತಿಳಿಸು, ತೆಗೆಸಿಡುತ್ತೇವೆ." ಆ ಮೂಟೆಗೆ ಹುಳ ಹಿಡಿದರೂ ಸರಿ, ನಾನು ಹೋಗುವುದಿಲ್ಲ ಎಂದು ನಿಶ್ಚಯಿಸಿದೆ.

ನೆಲದ ಜ್ವರ

ಆ ವರ್ಷ ಮೊದಲು ಬಂದವರು ಒಬ್ಬ ಜರ್ಮನ್ ಅಜ್ಜ, ಅಜ್ಜಿ. ಅಜ್ಜ ಆರಡಿಯ ಮೇಲೆ ಉದ್ದ, ಕಾಲು ಕೊಕ್ಕರೆಯದ್ದು. ವ್ಯಾನು ನಿಲ್ಲಿಸಿದವರೇ ಜೇಬಿನಿಂದ ಒಂದು ಗಾಜಿನ ಕೊಳವೆ ತೆಗೆದು ಒಳಗೆ ನೆಲದ ಮೇಲೆ ಇಟ್ಟು, ಬೋರಲು ಮಲಗಿ ಅದನ್ನೇ ನೋಡಿದರು. ಎದ್ದು ತಲೆಯಾಡಿಸಿದರು. ಅಜ್ಜಿ ವ್ಯಾನನ್ನು ಒಂದು ಗೇಣು ಮುಂದೆ ತಂದರು. ಅಜ್ಜ ಒಂದು ಚಕ್ರದ ಕೆಳಗೆ ಮರದ ತುಂಡು ಕೊಟ್ಟು ಮತ್ತೆ ಮಲಗಿದರು. ಮತ್ತೆ ತಲೆಯಾಡಿಸಿದರು. ಹೀಗೆ ಒಂದೂವರೆ ಗಂಟೆ.

ನಮ್ಮ ಪಿಕಪ್ ಡ್ರೈವರ್ ಕಾಪುವಿನವರು, ಐವತ್ತರ ಹತ್ತಿರದವರು, ಆದರೂ ನನ್ನನ್ನು ಅಕ್ಕ ಎನ್ನುವವರು. ಅವರು ಮೆಲ್ಲಗೆ ಕೇಳಿದರು, "ಅಕ್ಕ, ಈ ಜನ ನೆಲಕ್ಕೂ ಜ್ವರ ನೋಡ್ತಾರಾ?"

ಖಾವಾ ಕುಡಿಯುತ್ತ ಕೂತಿದ್ದ ಯಜಮಾನರಿಗೂ ಆಶ್ಚರ್ಯ. ನಾನು ಅಜ್ಜಿಯನ್ನು ವಿಚಾರಿಸಿ ಬಂದು ಹೇಳಿದೆ: "ನೆಲ ಸಮ ಇದೆಯಾ ಅಂತ ನೋಡುವುದಂತೆ. ಒಂದು ಬೆರಳು ಓರೆಯಾದರೂ ಅವರಿಗೆ ನಿದ್ದೆ ಬರುವುದಿಲ್ಲವಂತೆ."

ಯಜಮಾನರು ನಕ್ಕರು. "ನನ್ನ ಅಜ್ಜ ಎಂಬತ್ತು ವರ್ಷ ಇದೇ ಮರಳಿನ ಮೇಲೆ ಮಲಗಿದ. ನೆಲ ಓರೆ ಇದೆ ಅಂತ ಅವನಿಗೆ ಯಾರೂ ಹೇಳಲೇ ಇಲ್ಲ!"

ಮರುದಿನ ಬೆಳಿಗ್ಗೆ ಅವರು ಊರಿನಿಂದ ಜೀಪು ಬಿಟ್ಟುಕೊಂಡು ಬಂದರು. ಕಣ್ಣು ಕೆಂಪಾಗಿತ್ತು. ಯಾರಿಗೂ ಕೇಳಿಸದ ಹಾಗೆ ನನ್ನನ್ನು ಕರೆದು, "ಸಿಸ್ಟರ್, ಆ ಕೊಳವೆ ಅರ್ಧ ದಿನಕ್ಕೆ ಕೇಳಿ ತಾ. ನನ್ನ ಮಂಚವೂ ಓರೆ ಇದ್ದ ಹಾಗೆ ಕಾಣ್ತದೆ" ಎಂದರು.

ಅಜ್ಜನ ಪೆಟ್ಟಿಗೆ

ಯಜಮಾನರ ಮೊದಲ ನಿಯಮ, ಕ್ಯಾಂಪಿನಲ್ಲಿ ಸಾರಾಯಿ ಕಾಣಬಾರದು. ಸಾಹೇಬರ ಕಿವಿಗೆ ಬಿದ್ದರೆ ಅಲ್ಲಿಗೆ ಮುಗಿಯಿತು. ನಾನು ಹದ್ದಿನ ಕಣ್ಣಿಟ್ಟು ಕಾಯುತ್ತಿದ್ದೆ.

ಮೂರನೇ ದಿನ ಬೆಳಿಗ್ಗೆ ನೋಡುತ್ತೇನೆ, ಅಜ್ಜ ವ್ಯಾನಿನ ಪಕ್ಕೆಯಲ್ಲಿ ಒಂದು ಸಣ್ಣ ಬಾಗಿಲು ತೆಗೆದು ಬೂದು ಬಣ್ಣದ ಪೆಟ್ಟಿಗೆಯೊಂದನ್ನು ಹೊರಗೆಳೆದರು. ಹಿಡಿಕೆ ಇದೆ, ಮುಚ್ಚಳ ಇದೆ, ಒಳಗೆ ಏನೋ ಗುಳುಗುಳು ಎನ್ನುತ್ತಿದೆ. ಅವರು ಆಚೀಚೆ ನೋಡಿ, ಕಳ್ಳ ಹೆಜ್ಜೆಯಲ್ಲಿ ಹೊರಟರು. ನನಗೆ ಅಷ್ಟು ಸಾಕಾಯಿತು. ಓಡಿ ಹೋಗಿ ಹಿಡಿಕೆಗೆ ಕೈ ಹಾಕಿದೆ.

"ಸರ್, ವಯಸ್ಸಾದವರು ಭಾರ ಹೊರಬಾರದು. ಇಲ್ಲಿ ಕೊಡಿ."

"ನೋ, ನೋ, ಮೇಡಂ! ಪ್ಲೀಸ್! ಇದು ಖಾಸಗಿ!"

ಖಾಸಗಿ ಎಂದ ಮೇಲೆ ಸಂಶಯವೇ ಉಳಿಯಲಿಲ್ಲ. ಅವರು ಎಳೆದರು, ನಾನು ಎಳೆದೆ. ಹತ್ತು ವರ್ಷ ಅಕ್ಕಿ ರುಬ್ಬಿದ ಕೈ ನನ್ನದು. ಪೆಟ್ಟಿಗೆ ನನಗೆ ಬಂತು. ನೇರ ಅಡಿಗೆ ಶೆಡ್ಡಿಗೆ ತಂದು ತರಕಾರಿ ಹೆಚ್ಚುವ ಮೇಜಿನ ಮೇಲೆ ಇಟ್ಟೆ. ಅಜ್ಜ ಬಾಗಿಲಲ್ಲಿ ನಿಂತು ಎರಡೂ ಕೈ ತಲೆಯ ಮೇಲಿಟ್ಟುಕೊಂಡರು.

"ಸಿಕ್ಕಿಬಿದ್ದ ಮುಖ ನೋಡಿ!" ಎಂದು ಡ್ರೈವರಿಗೆ ಹೇಳಿದೆ. "ತೆಗೆಯಿರಿ ಮುಚ್ಚಳ. ಸಾಕ್ಷಿಗೆ ನೀವಿರಿ."

ಅವರು ಮುಚ್ಚಳ ತಿರುಗಿಸಿದರು. ಮೂಗಿಗೆ ಬಡಿದ ವಾಸನೆಯಲ್ಲಿ ನನಗೆ ಎಲ್ಲವೂ ಒಮ್ಮೆಲೇ ಅರ್ಥವಾಯಿತು. ಆ ವ್ಯಾನಿನಲ್ಲಿ ಒಲೆಯಿಂದ ಎರಡು ಮೊಳ ದೂರದಲ್ಲಿ ಕಕ್ಕಸೂ ಇತ್ತು. ಅದರ ಪೆಟ್ಟಿಗೆಯನ್ನು ಅಜ್ಜ ಮಾನದಿಂದ, ಯಾರೂ ಎದ್ದಿರದ ಹೊತ್ತು ನೋಡಿ, ಖಾಲಿ ಮಾಡಲು ಹೊರಟಿದ್ದರು.

ಡ್ರೈವರ್ ಮೂಗು ಮುಚ್ಚಿಕೊಂಡು ಮುಚ್ಚಳ ಬಿಗಿದು, ಬಹಳ ಗಂಭೀರವಾಗಿ ಹೇಳಿದರು: "ಅಕ್ಕ, ಸಾರಾಯಿ ಇರಬಹುದು. ಆದರೆ ಕುಡಿದು ಮುಗಿದದ್ದು."

ಆ ಮೇಜನ್ನು ಸುಟ್ಟುಬಿಟ್ಟೆ. ಹೊಸ ಮೇಜು ಬರುವವರೆಗೆ ನೆಲದ ಮೇಲೆ ಕೂತು ಹೆಚ್ಚಿದೆ.

ಒಂದೇ ಬಟಾಟೆ

ಅಜ್ಜಿಗೆ ಪಾಪ, ನನ್ನ ಮೇಲೆ ಸಿಟ್ಟಿರಲಿಲ್ಲ. ಒಂದು ದಿನ ನನ್ನನ್ನು ಊಟಕ್ಕೆ ಕರೆದರು. ಬಚ್ಚಲಿನಷ್ಟು ಅಗಲದ ಆ ಮನೆಯಲ್ಲಿ ಮಡಚುವ ಮೇಜಿನ ಮುಂದೆ ಕೂತೆ. ಅಜ್ಜಿ ಒಲೆಯ ಮುಂದೆ ನಿಂತು ಕೇಳಿದರು:

"ನಿಮಗೆ ಎಷ್ಟು ಬಟಾಟೆ?"

ನಾನು ದಂಗಾದೆ. ಬಂದವರ ಹೊಟ್ಟೆಯನ್ನು ಎಣಿಸಿ ಕೇಳುವುದುಂಟೇ? ನಮ್ಮ ಕಡೆ ಹೀಗೆ ಯಾರಾದರೂ ಕೇಳಿದರೆ ಎದ್ದು ಬರುತ್ತಾರೆ. ಆದರೂ ಮರ್ಯಾದೆ ಬಿಡಬಾರದೆಂದು, "ಒಂದು ಸಾಕು" ಎಂದೆ. ಒಂದು ಎಂದವರಿಗೆ ನಾಲ್ಕು ಹಾಕಿ, ಬೇಡ ಎಂದಾಗ ಇನ್ನೆರಡು ಹಾಕುವುದು ಕ್ರಮ ತಾನೆ?

ಒಂದು ಬಟಾಟೆ ಬಂತು. ಬೇಯಿಸಿದ್ದು, ಉಪ್ಪಿಲ್ಲದ್ದು. ತಟ್ಟೆಯ ನಡುವೆ ಒಂಟಿಯಾಗಿ ಕೂತಿತ್ತು. ಅಜ್ಜನಿಗೆ ಮೂರು, ಅವರು ಮೂರು ಎಂದು ಹೇಳಿದ್ದರು. ಅದನ್ನು ನಾನು ಅರ್ಧ ಗಂಟೆ ತಿಂದೆ, ಯಾರಾದರೂ ಒತ್ತಾಯ ಮಾಡಲಿ ಎಂದು. ಯಾರೂ ಮಾಡಲಿಲ್ಲ. ಶೆಡ್ಡಿಗೆ ಬಂದು ನಿನ್ನೆಯ ಗಂಜಿ ಉಂಡೆ.

ಊಟ ಎಂದರೇನು ಎಂದು ಇವರಿಗೆ ತೋರಿಸದಿದ್ದರೆ ನಾನು ನಾನಲ್ಲ. ಶುಕ್ರವಾರ ಇಬ್ಬರನ್ನೂ ಕರೆದೆ. ನೀರುದೋಸೆ, ಕೋಳಿ ಸುಕ್ಕ. ಅಜ್ಜ ನಾಲ್ಕು ದೋಸೆ ತಿಂದು, "ಸಾಕು, ಥ್ಯಾಂಕ್ಯೂ" ಎಂದರು. ನಾನು ಎರಡು ಹಾಕಿದೆ. ಪಾಪ, ಹಾಕಿದ್ದನ್ನು ಬಿಡುವುದು ಅವರ ಕಡೆ ಅವಮಾನವಂತೆ. ತಿಂದರು. ತಟ್ಟೆ ಖಾಲಿ ಬಿಡುವುದು ನಮ್ಮ ಕಡೆ ಅವಮಾನ. ಹಾಕಿದೆ. ಅವರು ತಿಂದರು. ನಾನು ಹಾಕಿದೆ. ಹದಿನಾಲ್ಕನೆಯ ದೋಸೆಗೆ ಅಜ್ಜನ ಹಣೆಯಲ್ಲಿ ಬೆವರು ಕಂಡಿತು. ಇಂಥ ಪ್ರೀತಿಯಿಂದ ಊಟ ಮಾಡುವವರನ್ನು ನಾನು ನೋಡಿಯೇ ಇರಲಿಲ್ಲ.

ಮರುದಿನವಿಡೀ ಅವರ ವ್ಯಾನಿನ ಬಾಗಿಲು ತೆರೆಯಲಿಲ್ಲ. ಸಂಜೆ ಅಜ್ಜಿ ಒಂದು ನೋಟುಬುಕ್ಕು ಹಿಡಿದು ಬಂದರು. "ನನ್ನ ಗಂಡ ಮಲಗಿದಲ್ಲಿಂದ ಕೇಳಿ ಕಳಿಸಿದ್ದಾರೆ. ಸಾಕು ಎಂಬುದಕ್ಕೆ ನಿಮ್ಮ ಭಾಷೆಯಲ್ಲಿ ಏನು ಹೇಳಬೇಕು?"

"ಊಟದ ಹೊತ್ತಿಗೆ ಅಂಥ ಶಬ್ದ ನಮ್ಮಲ್ಲಿಲ್ಲ" ಎಂದೆ.

ಸಾಹೇಬರು ಬಂದರು

ಜನವರಿ ಹೊತ್ತಿಗೆ ಕ್ಯಾಂಪಿನಲ್ಲಿ ಏಳು ವ್ಯಾನು, ಹದಿನಾಲ್ಕು ಜನ. ಹಗಲು ಹತ್ತಾದರೆ ಎಲ್ಲರೂ ಮಡಚುವ ಕುರ್ಚಿ ಹಾಕಿ ಬಿಸಿಲಿಗೆ ಮಲಗುತ್ತಿದ್ದರು. ಮೈಮೇಲಿನ ಬಟ್ಟೆ ಎಲ್ಲಾ ಸೇರಿಸಿದರೂ ನನ್ನ ಒಂದು ಮಸಿಬಟ್ಟೆ ಆಗುತ್ತಿರಲಿಲ್ಲ. ಎಪ್ಪತ್ತು ವರ್ಷದ ಹೆಂಗಸರು! ನಾನು ಮುಖ ತಿರುಗಿಸಿಕೊಂಡೇ ಚಹಾ ಕೊಟ್ಟು, ಎಷ್ಟೋ ಚಹಾ ಮರಳಿಗೆ ಸುರಿದಿದ್ದೇನೆ.

ಒಂದು ಸೋಮವಾರ ಯಜಮಾನರು ಓಡಿ ಬಂದರು. "ಸಿಸ್ಟರ್, ಗುರುವಾರ ನಾಲ್ಕು ಗಂಟೆಗೆ ಸಾಹೇಬರು ಬರ್ತಾರೆ. ಬಹಳ ಕಟ್ಟುನಿಟ್ಟಿನವರು. ಇದನ್ನು ಕಂಡರೆ..." ಬಿಸಿಲಿನ ಕಡೆ ಕೈ ತೋರಿಸಿ, ಅರ್ಧಕ್ಕೇ ಕಣ್ಣು ಮುಚ್ಚಿದರು. "ಖಲಾಸ್."

ಆ ದಿನವೇ ನೋಟೀಸು ಬರೆದೆ. ಡಿಕ್ಷನರಿ ನೋಡಿ, ಒಂದು ತಪ್ಪೂ ಇಲ್ಲದ ಇಂಗ್ಲಿಷಿನಲ್ಲಿ, ದಪ್ಪ ಅಕ್ಷರದಲ್ಲಿ. "ಗುರುವಾರ ನಾಲ್ಕು ಗಂಟೆಗೆ ಸರಕಾರಿ ಅಧಿಕಾರಿಗಳು ಬರುತ್ತಾರೆ. ಎಲ್ಲರೂ ಕತ್ತಿನಿಂದ ಕಾಲಿನವರೆಗೆ ಬಟ್ಟೆ ಧರಿಸಬೇಕು. ಹೇಗೆಂದು ತಿಳಿಯದಿದ್ದರೆ ಮ್ಯಾನೇಜರನ್ನು ನೋಡಿ ಹಾಗೆಯೇ ಧರಿಸಿ." ಮ್ಯಾನೇಜರ್ ಎಂದು ಬರೆಯುವಾಗ ಅಕ್ಷರ ಸ್ವಲ್ಪ ದೊಡ್ಡದೇ ಆಯಿತು.

ಬುಧವಾರ ಡ್ರೈವರ್ ಅಜ್ಜಿಯರನ್ನು ಪಿಕಪ್ಪಿನಲ್ಲಿ ಇಬ್ರಿ ಪೇಟೆಗೆ ಕರೆದುಕೊಂಡು ಹೋದರು. ಒಳ್ಳೆಯ ಬಟ್ಟೆ ತರಲಿ ಎಂದು ನಾನು ಸುಮ್ಮನಿದ್ದೆ. ಗುರುವಾರ ಮಧ್ಯಾಹ್ನದವರೆಗೆ ಹಲ್ವಾ, ಪಕೋಡ, ಖಾವಾ ಎಂದು ಶೆಡ್ಡಿನಿಂದ ಹೊರಗೆ ಬರಲಿಲ್ಲ. ಮೂರೂವರೆಗೆ ಸ್ನಾನ ಮಾಡಿ, ಟ್ರಂಕಿನ ತಳದಲ್ಲಿದ್ದ ರೇಷ್ಮೆ ಸೀರೆ ಉಟ್ಟು, ಹೂವಿಲ್ಲದಿದ್ದರೂ ತುರುಬು ಕಟ್ಟಿ ಹೊರಗೆ ಬರುವುದಕ್ಕೂ ಜೀಪು ಗೇಟಿನೊಳಗೆ ಬರುವುದಕ್ಕೂ ಸರಿಹೋಯಿತು.

ಸಾಹೇಬರು ಇಳಿದರು. ಇಸ್ತ್ರಿ ಮಾಡಿದ ಬಿಳಿ ದಿಶ್ದಾಶಾ, ಅಂದರೆ ಕಾಲಿನವರೆಗಿನ ನಿಲುವಂಗಿ, ಸೊಂಟದಲ್ಲಿ ಬೆಳ್ಳಿಯ ಖಂಜರ್ ಕತ್ತಿ, ಕೈಯಲ್ಲಿ ಬೆತ್ತ. ಹಿಂದೆ ನಮ್ಮ ಯಜಮಾನರು. ಇಬ್ಬರೂ ನನ್ನ ಬೆನ್ನ ಹಿಂದೆ ನೋಡುತ್ತಿದ್ದರು. ನಾನೂ ತಿರುಗಿ ನೋಡಿದೆ.

ಹದಿನಾಲ್ಕು ಜನ ಸಾಲಾಗಿ ನಿಂತಿದ್ದರು. ಹದಿನಾಲ್ಕೂ ಜನ ನೈಟಿಯಲ್ಲಿ.

ದಿನವೂ ನಾನು ಹಾಕುವ ನೈಟಿ. ದೊಡ್ಡ ದೊಡ್ಡ ಹೂವಿನದ್ದು, ಕತ್ತಿಗೆ ನೆರಿಗೆ, ಪುಗ್ಗೆಯ ಹಾಗೆ ಉಬ್ಬಿದ ತೋಳು. ಗಂಡಸರು ಎದುರು ಬಂದಾಗ ನಾನು ಎದೆಯ ಮೇಲೆ ಎಳೆದುಕೊಳ್ಳುವ ಟರ್ಕಿ ಟವೆಲ್ಲೂ ಸಮೇತ. ಎಲ್ಲರೂ ಎಂದು ಬರೆದಿದ್ದೆನಲ್ಲ; ಅವರ ಲೆಕ್ಕದಲ್ಲಿ ಎಲ್ಲರೂ ಎಂದರೆ ಎಲ್ಲರೂ. ಏಳು ಗಂಡಸರೂ ಅದರಲ್ಲೇ ಇದ್ದರು. ನಮ್ಮ ಜರ್ಮನ್ ಅಜ್ಜನದ್ದು ಗುಲಾಬಿ ಬಣ್ಣ. ಉದ್ದ ಸಾಲದೆ, ಕೆಳಗೆ ಸೇರಿಸಿ ಹೊಲಿದ ಪರದೆಯ ತುಂಡು ಕಾಲಿನವರೆಗೆ ಬಂದಿತ್ತು. ಟವೆಲ್ಲನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡು ಅವರು ಬಾಗಿ, "ಅಸ್ಸಲಾಮು ಅಲೈಕುಂ" ಎಂದರು.

ಪಿಕಪ್ಪಿನ ಮರೆಯಿಂದ ಡ್ರೈವರ್ ಹತ್ತಿರ ಬಂದು ನನ್ನ ಕಿವಿಯಲ್ಲಿ, "ಅಂಗಡಿಯಲ್ಲಿ ನಾನು ಕೇಳಿದೆ ಅಕ್ಕ, ಗಂಡಸರಿಗೆ ಯಾಕೆ ಅಂತ. ನೋಟೀಸು ತೋರಿಸಿದ್ರು" ಎಂದರು.

ವೀಸಾ ಹೋಯಿತು. ಅಣ್ಣನ ಮುಖ ಕಣ್ಣ ಮುಂದೆ ಬಂದು ನಕ್ಕಿತು. ಯಜಮಾನರಂತೂ ಆಕಾಶ ನೋಡುತ್ತ ತುಟಿಯಲ್ಲೇ ಏನೋ ಪಠಿಸುತ್ತಿದ್ದರು.

ಸಾಹೇಬರು ಬೆತ್ತ ಊರಿಕೊಂಡು ಸಾಲಿನ ಈ ತುದಿಯಿಂದ ಆ ತುದಿಗೆ ನಡೆದರು. ನಗಲಿಲ್ಲ. ಅಜ್ಜನ ಮುಂದೆ ನಿಂತು ಪುಗ್ಗೆ ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು.

"ಕಾಟನ್?"

"ಕಾಟನ್" ಎಂದರು ಅಜ್ಜ. "ಒಳಗೆ ಒಳ್ಳೆ ಗಾಳಿ ಆಡುತ್ತದೆ."

"ನಮ್ಮದೂ ಹಾಗೆಯೇ" ಎಂದು ಸಾಹೇಬರು ತಮ್ಮ ದಿಶ್ದಾಶಾ ಮುಟ್ಟಿ ತೋರಿಸಿದರು. ಆಮೇಲೆ ಯಜಮಾನರ ಕಡೆ ತಿರುಗಿ ಕೇಳಿದರು, "ಈ ಪರದೇಶದವರನ್ನು ಇಷ್ಟು ಶಿಸ್ತಿಗೆ ತಂದವರು ಯಾರು? ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ, ಯಾರೂ ಮೈ ಮುಚ್ಚುವುದಿಲ್ಲ. ಇಲ್ಲಿ ಗಂಡಸರೂ ಮುಚ್ಚಿದ್ದಾರೆ!"

ಯಜಮಾನರು ಬೆರಳನ್ನು ನನ್ನ ಕಡೆ ತೋರಿಸಿದರು. ನಾನು ತಲೆಯೆತ್ತಿ, ಎದೆ ಮುಂದೆ ಮಾಡಿ ನಿಂತೆ. ಸಾಹೇಬರು ಜೀಪಿನ ಬಾನೆಟ್ಟಿನ ಮೇಲೆಯೇ ಕಾಗದ ಇಟ್ಟು ರುಜು ಹಾಕಿದರು. ಮುಂದಿನ ವರ್ಷವೂ ಕ್ಯಾಂಪ್ ನಡೆಯಲಿ, ಇದೇ ಮ್ಯಾನೇಜರ್ ಇರಲಿ.

ಪೆನ್ನು ಮುಚ್ಚುತ್ತ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ರೇಷ್ಮೆ ಸೀರೆ, ರವಿಕೆ, ಇವೆರಡರ ನಡುವೆ ಎಲ್ಲ ಸೀರೆಯಲ್ಲೂ ಕಾಣುವ ನಾಲ್ಕು ಬೆರಳು ಸೊಂಟ. ಕೂಡಲೇ ಕಣ್ಣು ಬೇರೆ ಕಡೆ ತಿರುಗಿಸಿ ಯಜಮಾನರಿಗೆ ಹೇಳಿದರು:

"ಎಲ್ಲರೂ ಸರಿಯಾಗಿದ್ದಾರೆ. ಈ ಹೆಂಗಸಿಗೆ ಮಾತ್ರ ಸ್ವಲ್ಪ ಮೈ ಮುಚ್ಚಿಕೊಳ್ಳಲು ಹೇಳಿ."

ನಾನು ಬಾಯಿ ತೆರೆಯುವ ಮೊದಲೇ, ಜರ್ಮನ್ ಅಜ್ಜ ಸಾಲಿನಿಂದ ಹೊರಗೆ ಬಂದು, ತಮ್ಮ ಎದೆಯ ಮೇಲಿನ ಟವೆಲ್ ತೆಗೆದು ನನಗೆ ಹೊದಿಸಿದರು.