ಬೆವರು ಬಾರದ ಆಟ

ಯಾವುದು ಆಟ, ಯಾವುದು ಆಟವಲ್ಲ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೈಸ್ಕೂಲಿನ ಪಿ.ಟಿ. ಮೇಷ್ಟ್ರಾಗಿ ನಿವೃತ್ತನಾದವನು ನಾನು. ಈಗಲೂ ವಿಷಲ್ಲು ಕೊರಳಿಗೆ ಹಾಕಿಕೊಂಡೇ ವಾಕಿಂಗ್ ಹೋಗುತ್ತೇನೆ. ಆದ್ದರಿಂದ ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಬಡಾವಣೆಯ ಸಂಘದವರು ವಾರ್ಷಿಕೋತ್ಸವದಲ್ಲಿ ಕ್ರೀಡಾಪಟುಗಳಿಗೆ ಶಾಲು ಹೊದಿಸಬೇಕೆಂದು ತೀರ್ಮಾನಿಸಿದಾಗ, ಆಯ್ಕೆಯ ಹೊಣೆ ಸಹಜವಾಗಿಯೇ ನನ್ನ ಹೆಗಲೇರಿತು. ಏಕಸದಸ್ಯ ಆಯ್ಕೆ ಸಮಿತಿ! ಅಧ್ಯಕ್ಷನೂ ನಾನೇ, ಕೋರಮ್ಮೂ ನಾನೇ.

ಮೊದಲ ಶಿಫಾರಸು ನಮ್ಮ ಅಡುಗೆಮನೆಯಿಂದಲೇ ಬಂತು.

"ರಶ್ಮಿ ಹೆಸ್ರು ಬರ್ಕೊಳ್ರಿ," ಎಂದಳು ಹೆಂಡತಿ ಸರೋಜ.

ರಶ್ಮಿ ನಮ್ಮ ಒಬ್ಬಳೇ ಮಗಳು. ವಾರವೆಲ್ಲ ಗುಬ್ಬಿಯಲ್ಲಿ ಬ್ಯಾಂಕ್ ಕೆಲಸ, ಭಾನುವಾರ ಬಂದರೆ ಗೆಳತಿಯರ ಜೊತೆ ಸೇರಿ ಒಂದು ಹಳೇ ಕಾರಿನಲ್ಲಿ ಡ್ರಿಫ್ಟಿಂಗ್. ಅಂದರೆ ಕಾರನ್ನು ಬೇಕೆಂದೇ ಅಡ್ಡಡ್ಡ ಜಾರಿಸಿಕೊಂಡು ತಿರುವು ದಾಟುವುದು. ಟೈರು ಕಿರುಚಬೇಕು, ಹೊಗೆ ಏಳಬೇಕು, ಆದರೆ ಕಾರು ಗೆರೆ ಬಿಟ್ಟು ಹೋಗಬಾರದು. ಮೊದಲು ಬಂದವರಿಗೆ ಬಹುಮಾನವಲ್ಲ, ಚೆನ್ನಾಗಿ ಜಾರಿದವರಿಗೆ! ಬೆಂಗಳೂರಿನ ಹತ್ತಿರ ನಡೆದ ಸ್ಪರ್ಧೆಯಲ್ಲಿ ಅವಳಿಗೆ ಎರಡನೇ ಸ್ಥಾನ ಬಂದು, ಒಂದು ಕಪ್ಪು ನಮ್ಮ ಟಿ.ವಿ. ಪಕ್ಕಕ್ಕೆ ಬಂದು ಕೂತಿತ್ತು. ರಾತ್ರಿ ಮಲಗುವಾಗ ನಾನು ಅದಕ್ಕೆ ಕನ್ನಡಕ ನೇತುಹಾಕುತ್ತಿದ್ದೆ.

"ಅದು ಕ್ರೀಡೆಯ ವ್ಯಾಖ್ಯೆಯೊಳಗೆ ಬರುವುದಿಲ್ಲ," ಎಂದು ತೀರ್ಪು ಕೊಟ್ಟೆ.

"ಯಾಕ್ ಬರಲ್ಲ?" ರಶ್ಮಿ ಕೇಳಿದಳು.

"ಸೀಟ್ ಮೇಲೆ ಕೂತ್ಕೊಂಡು ಆಡೋದು ಆಟಾನಾ? ಮೈಯಿಂದ ಬೆವರು ಕಿತ್ಕೊಂಡ್ ಬರಬೇಕು. ಬೆವರು ಬಂದ್ರೆ ಆಟ, ಇಲ್ದಿದ್ರೆ ಬರೀ ಶೋಕಿ."

"ಕುದುರೆ ಸವಾರಿ ಮಾಡೋರೂ ಕೂತ್ಕೊಂಡೇ ಇರ್ತಾರಲ್ಲಪ್ಪ? ಕುಣಿಗಲ್ ಕುದ್ರೆ ಓಡಿದ್ರೆ ಆಟ, ನನ್ ಕಾರ್ ಓಡಿದ್ರೆ ಅಲ್ವಾ?"

"ಕುದುರೆಗೆ ಬೆವರು ಬರುತ್ತೆ!" ಎಂದೆ. ಹೇಳಿದ ಮೇಲೆ ನನಗೇ ಒಂಥರಾ ಆಯಿತು. ಆದರೆ ಅಂಪೈರ್ ಒಮ್ಮೆ ಎತ್ತಿದ ಬೆರಳು ಇಳಿಸುವುದುಂಟೆ?

ರಶ್ಮಿ ಜೋರು ಮಾಡಲಿಲ್ಲ. "ಶಾಲು ನಂಗ್ ಬೇಡಪ್ಪ. ಊರೆಲ್ಲಾ ಭೇಷ್ ಅಂತು. ನಿನ್ ಬಾಯಿಂದ ಒಂದ್ಸಲ ಅದು ಆಟ ಅಂತ ಬಂದಿದ್ರೆ ಸಾಕಿತ್ತು," ಎಂದು ಎದ್ದು ಹೋದಳು. ಸರೋಜಳ ತೀರ್ಪು ಮಧ್ಯಾಹ್ನದ ಊಟದಲ್ಲಿ ಬಂತು: ಸಾರಿಗೆ ಉಪ್ಪೇ ಇರಲಿಲ್ಲ.

ಆ ಭಾನುವಾರ ಮಾರ್ಕೋನಹಳ್ಳಿ ಹತ್ತಿರದ ಭಾವಮೈದುನನ ಮನೆಯಲ್ಲಿ ಸೀಮಂತ. ಕಾರಿನ ಕೀ ರಶ್ಮಿಯ ಕೈಯಲ್ಲಿತ್ತು. ನಾನು ಇಸಿದುಕೊಂಡೆ.

"ನೀನು ಅಡ್ಡಡ್ಡ ಓಡ್ಸೋಳು. ನಿಮ್ಮಮ್ಮನ ತೌರಿಗೆ ನೆಟ್ಟಗೆ ಹೋಗೋಣ. ಡ್ರೈವಿಂಗಲ್ಲಿ ಮಹಾ ಏನಿದೆ ಅಂತ ಇವತ್ತು ತೋರಿಸ್ತೀನಿ."

ರಶ್ಮಿ ಪಕ್ಕದಲ್ಲಿ ಕೂತಳು. ಹಿಂದಿನ ಸೀಟಿನಲ್ಲಿ ಸರೋಜ, ಅವಳ ತೊಡೆಯ ಮೇಲೆ ಊಟಕ್ಕೆಂದು ಹೆಪ್ಪು ಹಾಕಿದ ಒಂದು ದೊಡ್ಡ ಡಬರಿ ಮೊಸರು. ಕುಣಿಗಲ್ ದಾಟುವವರೆಗೂ ನನ್ನ ಚಾಲನೆ ನಿಷ್ಕಳಂಕವಾಗಿತ್ತು. ಒಂದು ಸೈಕಲ್ಲು ನಮ್ಮನ್ನು ಓವರ್‌ಟೇಕ್ ಮಾಡಿದ್ದು ಬಿಟ್ಟರೆ ಹೇಳಿಕೊಳ್ಳುವಂಥ ಘಟನೆ ಏನೂ ನಡೆಯಲಿಲ್ಲ. ಇದರಿಂದ ಅವಮಾನವಾಗಿ ಸ್ವಲ್ಪ ಜೋರಾಗಿ ತುಳಿದೆ.

ಸುಗ್ಗಿಯಲ್ಲಿ ನಮ್ಮ ಕಡೆ ಟಾರು ರಸ್ತೆಯೇ ಕಣ. ಹುರುಳಿ ಗಿಡ ಕಿತ್ತು ತಂದು ರಸ್ತೆಯುದ್ದಕ್ಕೂ ಹರಡುತ್ತಾರೆ. ಹೋಗಿ ಬರುವ ಗಾಡಿಗಳೇ ತುಳಿದು ತುಳಿದು ಕಾಳು ಬಿಡಿಸಿಕೊಡುತ್ತವೆ. ಹಳ್ಳಿಯ ತಿರುವಿನಲ್ಲಿ ಅಂಥದೇ ಒಂದು ಹಾಸು ಎದುರಾಯಿತು.

"ಅಪ್ಪ, ಈಗ್ಲೇ ಸ್ಲೋ ಮಾಡ್ಕೊ. ಮೇಲ್ ಹತ್ತಿದ್ಮೇಲೆ ಬ್ರೇಕ್ ಹಾಕ್ಬೇಡ, ಕೆಳಗೆ ಕಾಳಿರುತ್ತೆ, ಜಾರುತ್ತೆ."

"ನೀನ್ ಹುಟ್ಟೋಕ್ ಮುಂಚಿಂದ ಹುರುಳಿ ನೋಡಿದೀನಿ ಕಣೇ!"

ನೋಡಿದ್ದೆ ನಿಜ, ತಟ್ಟೆಯಲ್ಲಿ. ಹಾಸಿನ ಮೇಲೆ ಹತ್ತಿದ್ದೇ ತಡ, ಕವೆಗೋಲು ಹಿಡಿದ ಒಬ್ಬ ಅಜ್ಜಿ ರಸ್ತೆಯಂಚಿನಿಂದ ಕೈ ಎತ್ತಿದಳು. ಶಿಸ್ತಿನ ಮನುಷ್ಯನಾದ ನಾನು ಶಕ್ತಿಯೆಲ್ಲ ಹಾಕಿ ಬ್ರೇಕ್ ಒತ್ತಿದೆ.

ಕಾರು ನಿಲ್ಲಲಿಲ್ಲ. ಎದುರಿಗಿದ್ದ ತೆಂಗಿನ ತೋಟ ಪಕ್ಕಕ್ಕೆ ಬಂತು, ಪಕ್ಕದಲ್ಲಿದ್ದ ನಾಲೆ ಎದುರಿಗೆ ಬಂತು! ನಾನು ಸ್ಟೀರಿಂಗನ್ನು ಸಿಕ್ಕ ಕಡೆಗೆಲ್ಲ ತಿರುಗಿಸಿ, ಕೊನೆಗೆ ಕಣ್ಣು ಮುಚ್ಚಿಕೊಂಡೆ.

"ಬ್ರೇಕಿಂದ ಕಾಲ್ ತೆಗಿ!"

ಆ ದನಿ ನನ್ನದೇ. ಮೈದಾನದಲ್ಲಿ ನಾನು ಮಕ್ಕಳನ್ನು ಗದರಿಸುವ ದನಿ ಮಗಳ ಗಂಟಲಲ್ಲಿತ್ತು. ನನ್ನ ಕಾಲು ತಾನಾಗಿ ಮೇಲೆದ್ದಿತು, ಕಣ್ಣೂ ತೆರೆಯಿತು. ಪಕ್ಕದಿಂದ ಅವಳ ಕೈ ಬಂದು ಸ್ಟೀರಿಂಗ್ ಹಿಡಿಯಿತು. ಕಾರು ಯಾವ ಕಡೆಗೆ ಜಾರುತ್ತಿತ್ತೋ ಆ ಕಡೆಗೇ ತಿರುಗಿಸಿದಳು. ನನಗಾದರೆ ಅದು ಹುಚ್ಚು ಕೆಲಸ ಎನಿಸುತ್ತಿತ್ತು. ಕಾರು ಒಮ್ಮೆ ತೂಗಿ, ಒಂದು ಸುತ್ತು ತಿರುಗಿ, ನಾಲೆಯ ಏರಿಗೆ ತಗುಲದಂತೆ ಮೆತ್ತಗೆ ನಿಂತಿತು. ಮುಖ ಮಾತ್ರ ತುಮಕೂರಿನ ಕಡೆಗಿತ್ತು.

ಅಜ್ಜಿ ಓಡಿ ಬಂದು ಕಿಟಕಿಯಲ್ಲಿ ಇಣುಕಿದಳು.

"ನಾನ್ ಕೈ ಎತ್ತಿದ್ದು ನಿಧಾನವಾಗ್ ಓಗಿ ಅಂತ ಕನ್ ಸಾಮಿ. ಓಗ್ಲಿ ಬುಡಿ, ಚೆಂದಾಗ್ ತುಳೀತು. ಇನ್ನೊಂದ್ ಸುತ್ತ ಆಕ್ಬುಡಿ!"

ಸರೋಜ ಆಗ ಬಾಯಿ ಬಿಟ್ಟಳು. "ರೀ, ನಿಮ್ಮ ಮೈಯೆಲ್ಲ ಒದ್ದೆ. ಬೆವರು ಕಿತ್ಕೊಂಡ್ ಬಂದೈತೆ!"

ಡಬರಿಯ ಮುಚ್ಚಳ ಹಾರಿ ಅರ್ಧ ಮೊಸರು ನನ್ನ ಕತ್ತಿನ ಮೇಲೆ ಬಿದ್ದಿತ್ತು. ಅದನ್ನೇ ಆಧಾರವಾಗಿಟ್ಟುಕೊಂಡು, "ಇದು ಬೆವರಲ್ಲ, ಮೊಸರು," ಎಂದು ಮೇಲ್ಮನವಿ ಸಲ್ಲಿಸಿದೆ.

"ಮೊಸ್ರು ಕತ್ತಿಗ್ ಬಿದ್ದಿದ್ದು. ಹಣೆಯಿಂದ ಇಳೀತಿರೋದೇನು?"

ಮೇಲ್ಮನವಿ ವಜಾ! ರಶ್ಮಿ ನಗಲಿಲ್ಲ. ನನ್ನ ಕೈಯನ್ನು ಸ್ಟೀರಿಂಗಿನಿಂದ ಬಿಡಿಸಿ ಹಿಡಿದುಕೊಂಡಳು. ಅವಳ ಅಂಗೈಯೂ ಒದ್ದೆಯಾಗಿತ್ತು. ಅಲ್ಲಿಗೆ ಮೊಸರು ಹಾರಿರಲಿಲ್ಲ. ಆಗ ನನಗೆ ನಿಜವಾಗಿಯೂ ನಾಚಿಕೆಯಾಯಿತು. ಜೊತೆಗೆ ಹೆಮ್ಮೆಯಾಯಿತು, ಅದನ್ನು ಹೇಳಲು ಬಾಯಿ ಬರಲಿಲ್ಲ.

ಸೀಟು ಬದಲಾಯಿತು. ರಶ್ಮಿ ಅಜ್ಜಿಯ ಮಾತು ನಡೆಸಿಕೊಟ್ಟು, ಇಡೀ ಹಾಸನ್ನು ನಿಧಾನವಾಗಿ ಹಿಂದೆ ಮುಂದೆ ತುಳಿಸಿದಳು. ಒಂದು ಗಿಡವೂ ಆಚೆ ಹಾರಲಿಲ್ಲ. ನನ್ನ ಸುತ್ತಿನಲ್ಲಿ ನಾಲೆಯವರೆಗೂ ಚದುರಿದ್ದ ಹುರುಳಿಯನ್ನು ಅಷ್ಟರೊಳಗೆ ನಾನು ಬಗ್ಗಿ ಬಗ್ಗಿ ಬಾಚುತ್ತಿದ್ದೆ. ಅಜ್ಜಿ ರಶ್ಮಿಯ ವೇಲಿಗೆ ಹುರುಳಿ ಸುರಿದು, ನನ್ನ ಕಡೆ ನೋಡಿ, "ಇವ್ರಿಗೂ ಒಸಿ ಕಲ್ಸವ್ವ," ಎಂದಳು.

ವಾರ್ಷಿಕೋತ್ಸವದ ದಿನ ಮೈಕಿನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು ಓದಿದೆ: "ಕ್ರೀಡೆ, ಡ್ರಿಫ್ಟಿಂಗ್. ಕ್ರೀಡಾಪಟು, ನನ್ನ ಮಗಳು ರಶ್ಮಿ." ಅವಳು ಶಾಲಿನ ಕಡೆ ನೋಡಲೇ ಇಲ್ಲ, ನನ್ನನ್ನೇ ನೋಡುತ್ತಿದ್ದಳು. ಮುಂದಿನ ಸಾಲಿನಲ್ಲಿದ್ದ ನಮ್ಮ ಪಕ್ಕದ ಮನೆಯವರು ಎದ್ದು ನಿಂತು, "ಮೇಷ್ಟ್ರೇ, ಕೋಚಿಂಗ್ ನಿಮ್ದೇನಾ?" ಎಂದು ಕೂಗಿದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ಸರೋಜ ಕೆಮ್ಮಿದಳು. ತಗ್ಗಿಸಿದ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಬೇಕಾಯಿತು.

ಮುಂದಿನ ಭಾನುವಾರ ರಶ್ಮಿ ನನ್ನನ್ನು ಖಾಲಿ ಮೈದಾನಕ್ಕೆ ಕರೆದುಕೊಂಡು ಹೋದಳು. ನನ್ನ ವಿಷಲ್ಲು ತನ್ನ ಕೊರಳಿಗೆ ಹಾಕಿಕೊಂಡು ದೂರದಲ್ಲಿ ನಿಂತು, ರೆಡಿಯಾ ಎಂದು ಕೈ ಎತ್ತಿದಳು. ನಾನು ಸೀಟಿನಲ್ಲಿ ನೆಟ್ಟಗೆ ಕೂತು ಕರ್ಚೀಫು ತೆಗೆದೆ. ಕಾರು ಇನ್ನೂ ಸ್ಟಾರ್ಟೇ ಆಗಿರಲಿಲ್ಲ. ನನಗೆ ಆಗಲೇ ಬೆವರು ಬಂದಿತ್ತು!