ಹಾರ್ಮೋನ್ ವೇಷವೂ ಸ್ಟೀಲ್ ಕ್ಯಾರಿಯರೂ

ಡಾಕ್ಟರು ಹೇಳಿದ್ದನ್ನು ಹೆಂಡತಿಗೆ ಪೂರ್ತಿಯಾಗಿ ಒಪ್ಪಿಸುವ ಗಂಡಸರಿದ್ದಾರೆಂದು ಕೇಳಿದ್ದೇನೆ. ನಾನು ಆ ಪೈಕಿಯವನಲ್ಲ. ಮದುವೆಯಾಗಿ ಐದು ವರ್ಷವಾದರೂ ನಮಗೆ ಮಕ್ಕಳಾಗಿರಲಿಲ್ಲ. ಸರೋಜಳ ಪರೀಕ್ಷೆಗಳೆಲ್ಲ ಸರಿಯಿದ್ದವು. ನನ್ನ ರಿಪೋರ್ಟ್ ಮಾತ್ರ ಸ್ವಲ್ಪ ಮಂಕಾಗಿತ್ತು. ಅದನ್ನು ಹಿಡಿದು ಒಬ್ಬನೇ ಹೋದೆ. ಲೇಡಿ ಡಾಕ್ಟರು ಕೆಲಸವೇನೆಂದು ಕೇಳಿದರು. ಪೀಣ್ಯದಲ್ಲಿ ಪ್ಲಾಸ್ಟಿಕ್ ಊಟದ ಡಬ್ಬಿ ಮಾಡುವ ಕಾರ್ಖಾನೆಯ ಸೂಪರ್‌ವೈಸರ್ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಕೆಲವು ಪ್ಲಾಸ್ಟಿಕ್‌ನಲ್ಲಿರೋ ರಾಸಾಯನಿಕಗಳು ಮೈಯೊಳಗೆ ಹೋಗಿ ಹಾರ್ಮೋನ್ ವೇಷ ಹಾಕ್ತವೆ, ದೇಹ ಮೋಸಹೋಗುತ್ತೆ. ನಿಮ್ಗೂ ಅದೇ ಕಾರಣ ಅಂತ ಹೇಳೋಕಾಗಲ್ಲ. ಆದ್ರೂ ಬಿಸಿ ಊಟ ಪ್ಲಾಸ್ಟಿಕ್‌ಗೆ ಹಾಕ್ಬೇಡಿ. ಸಿಗರೇಟು ಬಿಡಿ. ಸೋಯಾದಲ್ಲೂ ಅಂಥದ್ದೊಂದಿದೆ, ಮಿತವಾಗಿ ತಿಂದ್ರೆ ಭಯ ಬೇಡ."

ನನಗೆ ಶಕ್ತಿ ಬರಲೆಂದು ಸರೋಜ ದಿನವೂ ಸೋಯಾ ಉಂಡೆಗಳ ಸಾರು ಮಾಡುತ್ತಿದ್ದಳು. ಅದು ಸ್ಪಂಜು ಅಗಿದಂತಿರುತ್ತಿತ್ತು. ಹಾಗಾಗಿ ಮನೆಗೆ ಬಂದು, "ಪ್ಲಾಸ್ಟಿಕ್ಕು, ಸೋಯಾ ಎರಡೂ ವಿಷವಂತೆ" ಎಂದಷ್ಟೇ ಹೇಳಿದೆ. ಸಿಗರೇಟಿನ ವಿಷಯ ನುಂಗಿಕೊಂಡೆ.

ಸೋಯಾ ಅಂದೇ ಹೋಯಿತು. ಹಿಂದೆಯೇ ಡಬ್ಬಿ, ಬಕೆಟ್ಟು, ಮಗ್ಗು, ನನ್ನ ಬಾಚಣಿಗೆಯೂ ಹೋದವು. "ಮಗ್ಗಲ್ಲಿ ಊಟ ಮಾಡ್ತೀನೇನೇ?" ಎಂದೆ. "ನಿಮ್ಮನ್ನ ನಂಬೋಕಾಗಲ್ಲ ಕಣ್ರೀ" ಎಂದಳು. ಒಂದು ವಾರ ತಲೆ ಬಾಚದೆ ಕೆಲಸಕ್ಕೆ ಹೋದೆ.

ಅವಳು ಕಟ್ಟಿಕೊಟ್ಟ ಸ್ಟೀಲ್ ಕ್ಯಾರಿಯರ್ ನಮ್ಮ ಮಾಲೀಕರ ಕಣ್ಣಿಗೆ ಬಿದ್ದದ್ದು, ಡಬ್ಬಿ ಕೊಳ್ಳುವವರು ಕಾರ್ಖಾನೆ ನೋಡಲು ಬಂದ ದಿನವೇ. "ಏನ್ರೀ ಇದು? ನಮ್ಮ ಡಬ್ಬೀನ ನೀವೇ ನಂಬ್ದಿದ್ರೆ ಅವ್ರು ಹೆಂಗ್ರೀ ನಂಬ್ತಾರೆ? ಇನ್ನೊಂದ್ಸಲ ಕಂಡ್ರೆ ಕೆಲಸಕ್ಕೇ ಬರ್ಬೇಡಿ!" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದರು.

ಕೆಲಸವೂ ಬೇಕು, ಮಗುವೂ ಬೇಕು. ಮರುದಿನ ಕ್ಯಾರಿಯರನ್ನು ಹೆಲ್ಮೆಟ್ಟಿನೊಳಗೆ ಅಡಗಿಸಿಕೊಂಡು ಗೋಡೌನಿಗೆ ನುಗ್ಗಿದೆ. ಡಬ್ಬಿಗಳ ರಾಶಿಯ ಹಿಂದೆ ಆಗಲೇ ಒಬ್ಬರು ಕುಕ್ಕರುಗಾಲಲ್ಲಿ ಕೂತು ಮುದ್ದೆ ಮುರಿಯುತ್ತಿದ್ದರು. ನಮ್ಮ ಮಾಲೀಕರು! ಮುಂದೆ ನಾಲ್ಕು ಅಂತಸ್ತಿನ ಸ್ಟೀಲ್ ಕ್ಯಾರಿಯರ್.

ನಾನು ಹೆಲ್ಮೆಟ್ಟನ್ನು ಬೆನ್ನ ಹಿಂದೆ ಸರಿಸಿದೆ, ಅವರು ಕ್ಯಾರಿಯರಿಗೆ ಟವೆಲ್ ಮುಚ್ಚಿದರು. ಕೊನೆಗೆ ಅವರೇ, "ನಿಮ್ಗೂ ಆ ಲೇಡಿ ಡಾಕ್ಟ್ರೇ ಹೇಳಿದ್ರಾ? ನಮ್ ಸೊಸೇನೂ ಅವ್ರ ಹತ್ರಾನೇ ಹೋಗ್ತಾಳೆ ಕಣ್ರೀ. ಮನೇಲಿ ಒಂದು ಡಬ್ಬೀನೂ ಉಳಿಸಿಲ್ಲ. ಬಾಗಿಲು ಹಾಕಿ, ಕೂತ್ಕೊಳ್ಳಿ" ಎಂದು ಸರಿದು ಜಾಗ ಕೊಟ್ಟರು. ಅಂದಿನಿಂದ ನಾವಿಬ್ಬರೂ ದಿನವೂ ಅಲ್ಲೇ ಕೂತು ಉಣ್ಣತೊಡಗಿದೆವು. ಅವರೆದುರು ಸೇದಲಾಗದೆ ಊಟದ ನಂತರದ ಸಿಗರೇಟು ತಪ್ಪಿತು. ಉಳಿದವೂ ಒಂದೊಂದಾಗಿ ಬಿಟ್ಟುಹೋದವು.

ಮರುವರ್ಷ ಮಗಳು ಹುಟ್ಟಿದಳು. ಕ್ಯಾರಿಯರಿನ ಪುಣ್ಯ ಎಂದಳು ಸರೋಜ. ನನ್ನಮ್ಮ ತನ್ನ ಹರಕೆ ಎಂದಳು. ಮಾಲೀಕರು ಗೋಡೌನಿನ ವಾಸ್ತು ಎಂದರು. ಡಾಕ್ಟರು ಮಾತ್ರ, "ಯಾವುದರಿಂದ ಅಂತ ಯಾರಿಗ್ರೀ ಗೊತ್ತು?" ಎಂದು ನಕ್ಕುಬಿಟ್ಟರು. ಈ ವಿಷಯದಲ್ಲಿ ನನ್ನದೂ ಒಂದಿಷ್ಟು ಪಾಲಿದ್ದಿರಬಹುದು ಎಂಬ ಅನುಮಾನ ಇವತ್ತಿನವರೆಗೂ ಯಾರಿಗೂ ಬಂದಿಲ್ಲ.